ಒದ್ದೆ ಆರುವ ಮುನ್ನ

ಬಿಸಿನೀರು ಇದ್ದಕ್ಕಿದ್ದಂತೆ ತಣ್ಣಗಾಯಿತು. ನಲ್ಲಿಯ ಕೆಳಗೆ ಕೈಯೊಡ್ಡಿದ್ದವನು ಹಾಗೇ ನಿಂತ. ಅರ್ಧ ಊಟದಲ್ಲಿ ಯಾರೋ ತಟ್ಟೆ ಎಳೆದುಕೊಂಡಂತಾಗಿತ್ತು.

"ಗೀಸರ್ ಆರಿಸಿದ್ದು ನಾನೇ," ಹೊರಗಿನಿಂದ ಹೆಂಡತಿಯ ದನಿ. "ಸುಡುನೀರು ಬೇಡ ಅಂದ್ರೆ ಕೇಳಲ್ವಲ್ಲ ನೀವು."

"ಬರೀ ಕೈ ತೊಳೀತಿದ್ದೆ."

"ಇಷ್ಟೊತ್ತು?"

ಇಸುಬಿನ ತುರಿಕೆಯ ಮೇಲೆ ಸುಡುನೀರು ಬಿದ್ದಾಗಿನ ಸುಖವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಆಮೇಲೆ ಚರ್ಮ ಇನ್ನಷ್ಟು ಒಣಗಿ ಬಿರಿಯುತ್ತದೆಂಬುದೂ ಗೊತ್ತು. ಅವನು ಹಲ್ಲಿನ ಡಾಕ್ಟರು. ದಿನವಿಡೀ ರಬ್ಬರಿನ ಕೈಗವಸು ತೊಟ್ಟು ಕಂಡವರ ಬಾಯಿಗೆ ಕೈಹಾಕುವವನು, ಮನೆಯಲ್ಲೂ ಹತ್ತಿಯ ಕೈಗವಸಿನಲ್ಲೇ ಓಡಾಡುತ್ತಿದ್ದ. ಇದು ಅಂಟುವ ರೋಗವಲ್ಲವೆಂದು ಆ ಮನೆಯಲ್ಲಿ ಓದಿ ತಿಳಿದವನು ಅವನೊಬ್ಬ. ನಂಬದವನೂ ಅವನೊಬ್ಬನೇ.

ಹೋದ ಚಳಿಗಾಲದಲ್ಲಿ ಮಗಳು ಗುಬ್ಬಿಯ ಮೊಣಕೈ ಮಡಿಕೆಯಲ್ಲೂ ಕೆಂಪು ಕಾಣಿಸಿಕೊಂಡಿತು. ಅಂದಿನಿಂದ ಅವಳನ್ನು ಮುಟ್ಟುವುದನ್ನೇ ಬಿಟ್ಟಿದ್ದ. ರಸ್ತೆ ದಾಟುವಾಗ ಅಂಗಿಯ ತುದಿ ಹಿಡಿದುಕೋ ಅನ್ನುತ್ತಿದ್ದ. ಈಗೀಗ ಅವಳು ಅದನ್ನೂ ಹಿಡಿಯದೆ ದಾಟಲು ಕಲಿತಿದ್ದಳು.

"ತಮ್ಮನ ಮನೆಗೆ ಹೋಗಿ ಬರ್ತೀನಿ. ಇವತ್ತು ಗುಬ್ಬಿ ಸ್ನಾನ ನಿಮ್ದೇ," ಹೆಂಡತಿ ಚಪ್ಪಲಿ ಮೆಟ್ಟುತ್ತ ಹೇಳಿದಳು. "ನೀರು ಉಗುರುಬೆಚ್ಚಗಿರ್ಲಿ. ಘಮಘಮ ಸೋಪು ಬೇಡ. ಟವೆಲ್ಲಲ್ಲಿ ಉಜ್ಜಬೇಡಿ, ಮೆತ್ತಗೆ ಒತ್ತಿ. ಮೈ ಪೂರ್ತಿ ಆರೋ ಮುಂಚೆ ಕೊಬ್ಬರಿ ಎಣ್ಣೆ."

"ಎಣ್ಣೆ ನೀನೇ ಬಂದ ಮೇಲೆ..."

"ಒದ್ದೆ ಕಾಯುತ್ತಾ ನನಗೋಸ್ಕರ?"

ಅವಳು ಹೊರಟುಹೋದಳು.

ಸ್ನಾನವೇನೋ ಆಯಿತು. ಗುಬ್ಬಿ ತಾನೇ ನೀರು ಹೊಯ್ದುಕೊಂಡಳು, ಅವನು ದೂರದಿಂದ ಚೊಂಬು ತುಂಬಿಸಿಕೊಟ್ಟ. ಟವೆಲ್ಲು ಸುತ್ತಿಕೊಂಡು ಅವಳು ಸ್ಟೂಲಿನ ಮೇಲೆ ಕೂತಾಗ, ಕ್ಲಿನಿಕ್ಕಿನ ಚೀಲದಿಂದ ರಬ್ಬರಿನ ಕೈಗವಸು ತೆಗೆದು ಏರಿಸಿಕೊಂಡ.

ಗುಬ್ಬಿ ಅವನನ್ನೇ ನೋಡಿದಳು. "ಅಪ್ಪಾ, ನಾನೇನು ಹಲ್ಲಾ?"

"ಕೈ ಒರಟು ಪುಟ್ಟಾ. ಚುಚ್ಚುತ್ತೆ."

"ತೋರ್ಸು."

"ಆಮೇಲೆ."

"ನಾನು ಆರ್ತಾ ಇದೀನಿ," ಎಂದು ಥೇಟು ಅಮ್ಮನಂತೆ ಗದರಿದಳು.

ಅವನು ಕೈಗವಸು ಕಳಚಿದ. ಸುಣ್ಣ ಎದ್ದ ಗೋಡೆಯಂಥ ಬೆರಳುಗಳು. ಗುಬ್ಬಿ ಅವನ್ನು ಸಂತೆಯಲ್ಲಿ ಬದನೆಕಾಯಿ ನೋಡುವವಳಂತೆ ತಿರುಗಿಸಿ ಮುರುಗಿಸಿ ನೋಡಿದಳು.

"ನಂಗಿಂತ ಜಾಸ್ತಿ ಇದೆ ನಿಂಗೆ. ತುರಿಸ್ಕೊಂಡ್ಯಾ?"

"ಹೂಂ."

"ಅಮ್ಮಂಗೆ ಹೇಳಲ್ಲ ಬಿಡು."

ಅವನು ಬಟ್ಟಲಿನ ಎಣ್ಣೆಯಲ್ಲಿ ಬೆರಳದ್ದಿ ಅವಳ ಮೊಣಕೈ ಮಡಿಕೆಗೆ ಸವರಿದ. ಅವಳು ಕೈ ಎಳೆದುಕೊಳ್ಳಲಿಲ್ಲ. ಮಗುವಿನ ಮೈ ಇಷ್ಟು ಬೆಚ್ಚಗಿರುತ್ತದೆಂಬುದೇ ಅವನಿಗೆ ಮರೆತುಹೋಗಿತ್ತು. ತನ್ನದು ಮುಗಿಯುತ್ತಲೇ ಅವಳು ಬಟ್ಟಲನ್ನು ತನ್ನತ್ತ ಎಳೆದುಕೊಂಡಳು. ಅಪ್ಪನ ಬೆರಳ ಸಂದುಗಳಿಗೆಲ್ಲ, ಒಂದನ್ನೂ ಬಿಡದೆ, ಧಾರಾಳವಾಗಿ ಹಚ್ಚಿದಳು.

ಬಾಗಿಲ ಗಂಟೆ ಸದ್ದು ಮಾಡಿತು.

"ನಾನೇ. ತಮ್ಮ ಮನೇಲಿಲ್ಲ. ತೆಗೀರಿ."

ಬಾಗಿಲಿಗೆ ಹಿತ್ತಾಳೆಯ ಗುಂಡನೆಯ ಹಿಡಿ. ಅವನು ತಿರುಗಿಸಿದ. ಕೈ ತಿರುಗಿತು, ಹಿಡಿ ತಿರುಗಲಿಲ್ಲ. ಗುಬ್ಬಿಯೂ ಕೈ ಹಾಕಿದಳು.

"ಒಳಗೇನು ಮಾಡ್ತಿದೀರ?"

"ತೆಗೀತಿದೀವಿ."

"ಒರೆಸ್ಕೋ ಅಪ್ಪಾ," ಗುಬ್ಬಿ ಪಿಸುಗುಟ್ಟಿದಳು.

"ಈಗ್ಲೇ ಬೇಡ," ಅಂದ.

ಹೊರಗೆ ಮತ್ತೆ ಗಂಟೆ. ದೊಡ್ಡ ಕೈ, ಅದರ ಮೇಲೆ ಚಿಕ್ಕ ಕೈ, ಎರಡೂ ಜಾರುತ್ತ ಹಿಡಿಯನ್ನು ಸುತ್ತುತ್ತಲೇ ಇದ್ದವು. ಹಿಡಿ ಬಂಗಾರದಂತೆ ಮಿರುಗುತ್ತಿತ್ತು. ಬಾಗಿಲು ಇನ್ನೂ ಮುಚ್ಚಿಯೇ ಇತ್ತು.