ಹತ್ತು ದಿನದ ಜಾಗ

ಬಾಗಿಲು ಅರ್ಧ ತೆರೆದು ನಿಂತುಬಿಟ್ಟಿತು. ಹೆಣ ಹೊತ್ತ ನಾಲ್ವರು ಒಳಗೇ ಸಿಕ್ಕಿಕೊಂಡರು. ವರ್ಷ ವರ್ಷವೂ ಹೊಳೆಯ ನೀರು ಕುಡಿದು ಉಬ್ಬಿದ ಬಾಗಿಲು ಅದು. ಎದುರಿನ ಕ್ಷೌರದಂಗಡಿಯವನು ಭುಜ ಕೊಟ್ಟು ನೂಕಿದ. ಮನೆ ಮಾಲೀಕ ಕೊಡೆಯ ತುದಿಯಿಂದ ಕುಟ್ಟಿ ನೋಡಿದ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ.

“ಸ್ವಲ್ಪ ಸರೀರಿ,” ಎಂದು ಮಹಡಿಮನೆಯ ಮಗಳು ಮುಂದೆ ಬಂದಳು. ಬುಡಕ್ಕೆ ಕಾಲಿನಿಂದ ಒಂದು ಏಟು ಕೊಟ್ಟು, ಹಿಡಿಕೆ ಹಿಡಿದು ಮೇಲಕ್ಕೆತ್ತಿದಳು. ಹೇಳಿದ ಮಾತು ಕೇಳುವ ಮಗುವಿನಂತೆ ಬಾಗಿಲು ಸರಿಯಿತು.

ಮೆಟ್ಟಿಲ ಮೇಲೆ ನಿಂತಿದ್ದ ತಾಯಿ ಅದನ್ನು ನೋಡಿದಳು. ಮೇಲಿನ ತಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ವಯಸ್ಸು ಇಪ್ಪತ್ತಾರಾದರೂ ಕೇಳುವ ಹುಡುಗಿಗೆ ಈ ಬಾಗಿಲಿನ ಮರ್ಜಿ ಮಾತ್ರ ಚೆನ್ನಾಗಿ ಗೊತ್ತು. ಸತ್ತವಳ ಮೇಲೂ ಹೊಟ್ಟೆಕಿಚ್ಚೇ ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡ ಮಾತ್ರಕ್ಕೆ ಕಿಚ್ಚು ಆರಲಿಲ್ಲ.

ಸತ್ತವಳು ಕೆಳಗಿನ ಕೋಣೆಯ ಬಾಡಿಗೆಯಾಕೆ, ಇಸ್ತ್ರಿ ಮಾಡುವವಳು. ಹಿಂದಿಲ್ಲ ಮುಂದಿಲ್ಲ, ಒಬ್ಬಳೇ. ಇಪ್ಪತ್ತೆರಡು ವರ್ಷ ಆ ಬೀದಿಯವರ ಬಟ್ಟೆಗಳ ಸುಕ್ಕು ತೆಗೆದವಳು. ಇವತ್ತು ಅವಳ ಹಿಂದೆ ಹೊರಟವರೆಲ್ಲ ಮುದುರಿದ ಬಟ್ಟೆಯಲ್ಲೇ ಇದ್ದರು.

“ನನ್ನ ಅಂಗಿ ನೋಡಿದ್ರೆ ಎದ್ದು ಕೂತು ಬೈತಾಳೆ,” ಎಂದ ಕ್ಷೌರದವನು, ಕಣ್ಣೊರೆಸಿಕೊಳ್ಳುತ್ತ.

“ಬೈಲಿ ಬಿಡಪ್ಪ, ಎದ್ರೆ ಸಾಕು,” ಎಂದ ಮಾಲೀಕ.

ಮಗಳು ಹೆಣದ ಪಕ್ಕದಲ್ಲೇ ನಡೆದಳು. ತಾಯಿ ನಾಲ್ಕು ಹೆಜ್ಜೆ ಹಿಂದೆ. ಹೋದ ವರ್ಷದ ಮಾತು ಯಾರ ಬಾಯಿಂದಾದರೂ ಬಂದುಬಿಟ್ಟೀತು ಎಂಬ ಭಯ ಅವಳ ಜೊತೆಜೊತೆಗೇ ನಡೆಯುತ್ತಿತ್ತು.

*

ಗಂಡ ತೀರಿಕೊಂಡ ಮೇಲೆ ನಾಲ್ಕು ವರ್ಷದ ಮಗುವನ್ನು ಕಟ್ಟಿಕೊಂಡು ತಾಯಿ ಆ ಮಹಡಿಗೆ ಬಂದಾಗಲೇ ಮಾಲೀಕ ಒಂದು ಕರಾರು ಹಾಕಿದ್ದ. ಹೊಳೆ ಏರಿದರೆ ಕೆಳಗಿನವರು ಮೇಲೆ ಬಂದು ಇರುತ್ತಾರೆ, ಇಲ್ಲ ಅನ್ನಬಾರದು. ಹೊಳೆ ವರ್ಷಕ್ಕೊಮ್ಮೆ ತಪ್ಪದೆ ಏರುತ್ತಿತ್ತು, ಹತ್ತು ದಿನ ಕೋಣೆಯಲ್ಲಿ ಕೂತು ಇಳಿಯುತ್ತಿತ್ತು.

ಮೊದಲ ವರ್ಷ ಇಸ್ತ್ರಿಯಾಕೆ ಹಾಸಿಗೆಯನ್ನಲ್ಲ, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಮೊದಲು ಮೇಲೆ ತಂದಳು. ಗಡಿಬಿಡಿಯಲ್ಲಿ ಕಿಟಕಿಯ ಬಳಿ ಹಲಗೆಯ ನೆಲದ ಮೇಲೆ ಇಟ್ಟೇಬಿಟ್ಟಳು. ಎಲೆಯ ಆಕಾರದ ಒಂದು ಕಪ್ಪು ಕಲೆ ಬಿತ್ತು. ತಾಯಿ ಅದನ್ನು ಬೂದಿ ಹಾಕಿ ಉಜ್ಜಿದಳು, ಮರಳು ಹಾಕಿ ಉಜ್ಜಿದಳು. ಕೊನೆಗೆ ಸೋತು ಅದರ ಮೇಲೆ ಟ್ರಂಕು ಎಳೆದಿಟ್ಟಳು.

ಆ ಹತ್ತು ದಿನ ಇಸ್ತ್ರಿಯಾಕೆ ಮಲಗುವ ಮುಂಚೆ ಮಗುವಿನ ದಿಂಬಿನ ಮೇಲೆ ಪೆಟ್ಟಿಗೆ ಓಡಿಸುತ್ತಿದ್ದಳು. ಬೆಚ್ಚಗಿನ ದಿಂಬಿಗೆ ಕೆನ್ನೆ ಒತ್ತಿದರೆ ಮಗು ಅಲ್ಲೇ ನಿದ್ದೆ. ನೀರಿಳಿದು ಅವಳು ಕೆಳಗೆ ಹೋದ ದಿನ ಮಗು ರಚ್ಚೆ ಹಿಡಿಯಿತು. ತಾಯಿ ಬಿಸಿನೀರಿನ ಚೊಂಬನ್ನು ದಿಂಬಿನ ಮೇಲೆ ಉರುಳಿಸಲು ಹೋಗಿ ಎಲ್ಲಾ ಒದ್ದೆ ಮಾಡಿದಳು. “ನಿಂಗೆ ಬರಲ್ಲ,” ಎಂದಿತು ಮಗು.

ತಾಯಿಗೆ ಅಂಗಿಗುಂಡಿ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಶಾಲೆ ಬಿಟ್ಟ ಮಗು ಕೆಳಗೇ ಇರುತ್ತಿತ್ತು. ಇಸ್ತ್ರಿಯಾಕೆಯನ್ನು ‘ಕೆಳಗಮ್ಮ’ ಎಂದು ಕರೆಯತೊಡಗಿತು. ಅದನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ಒಂದು ಸಂಜೆ ತಾಯಿ ಕೆಲಸದಿಂದ ಬರುವಾಗ ಮಗು ಬೀದಿಗೆಲ್ಲ ಕೇಳುವಂತೆ, “ಮೇಲಮ್ಮ ಬಂದ್ಲು,” ಎಂದಿತು. ಬೀದಿ ನಕ್ಕಿತು. ಅವಳೂ ನಕ್ಕಳು. ಅಂದಿನಿಂದ ಕೆಳಗಿನ ಕೋಣೆಯ ಹೊಸಿಲು ತುಳಿಯಲಿಲ್ಲ.

*

ಹೋದ ವರ್ಷ ನೀರು ಮೊದಲ ಮೆಟ್ಟಿಲು ಮುಟ್ಟಿದ ದಿನ ಮಗಳು ದೋಣಿಕಟ್ಟೆಯ ಟಿಕೆಟ್ ಕಚೇರಿಯಲ್ಲಿದ್ದಳು. ಇಸ್ತ್ರಿಯಾಕೆ ಎಂದಿನಂತೆ ಪೆಟ್ಟಿಗೆ ಹಿಡಿದು ಹತ್ತಿ ಬಂದಳು. ತಾಯಿ ಮೆಟ್ಟಿಲ ನಡುವೆ ಅಡ್ಡ ನಿಂತಳು.

“ಈ ಸಲ ನಮ್ಮನೇಲಿ ಜಾಗ ಇಲ್ಲ. ನೆಂಟರು ಬರ್ತಾರೆ.”

ಬರುವ ನೆಂಟರು ಯಾರೂ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಇಸ್ತ್ರಿಯಾಕೆ ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. “ಆಗ್ಲಿ ತಾಯಿ,” ಎಂದು ಇಳಿದು, ಮುಳುಗಡೆಯವರನ್ನು ಇರಿಸುವ ಶಾಲೆಗೆ ಹೋದಳು. ಮಗಳು ಓಡಿಹೋಗಿ ಕೇಳಿದ್ದಕ್ಕೆ, “ಇಲ್ಲಿ ಗಿರಾಕಿ ಜಾಸ್ತಿ ಕಣೇ,” ಎಂದು ನಕ್ಕಳಂತೆ. ಉಟ್ಟ ಬಟ್ಟೆಯಲ್ಲಿ ಬಂದವರ ನಡುವೆ ಇಸ್ತ್ರಿಗೆ ಎಂಥ ಗಿರಾಕಿ!

*

ಮಣ್ಣು ಮಾಡಿ ಬಂದ ಮೇಲೆ ತಾಯಿ, ಮಗಳು, ಮಾಲೀಕ ಮೂವರೇ ಕೆಳಗಿನ ಕೋಣೆಯಲ್ಲಿದ್ದರು. ಮಾಲೀಕ ಗೋಡೆಯ ನೀರಿನ ಗೆರೆಗಳನ್ನು ನೋಡುತ್ತ, ಕೋಣೆ ಖಾಲಿ ಮಾಡಿಸಬೇಕು, ಯಾರಾದರೂ ಬಂದಾರು ಎಂದ.

“ನಾನೇ ಬರ್ತೀನಿ,” ಎಂದಳು ಮಗಳು. “ನನ್ನ ಹೆಸರಿಗೇ ಬರ್ಕೊಳ್ಳಿ.”

ತಾಯಿಯ ಮೈಯೆಲ್ಲ ಉರಿದುಹೋಯಿತು. ಮಣ್ಣಾದವಳು ಮಣ್ಣಿನೊಳಗಿಂದಲೇ ಕೈ ಚಾಚಿ ಎಳೆದುಕೊಳ್ಳುತ್ತಿದ್ದಾಳೆ.

“ಮೇಲೆ ಮನೆ ಇಟ್ಕೊಂಡು ಯಾರಾದ್ರೂ ಈ ಬಚ್ಚಲಲ್ಲಿ ಇರ್ತಾರೇನೇ?”

“ಇದ್ಲಲ್ಲಮ್ಮ ಒಬ್ಬಳು,” ಎಂದ ಮಾಲೀಕ. “ಹಿಂದಿನ ಬೀದೀಲಿ ನಂದೇ ಒಂದು ಮಹಡಿ ಕೋಣೆ. ಇದೇ ಬಾಡಿಗೆಗೆ ಕೊಡ್ತೀನಿ ಅಂತ ಮೂರು ಸಲ ಹೇಳಿದೆ. ‘ಮಹಡೀಲಿ ಇದ್ರೆ ನೀರು ಬಂದಾಗ ಇವರ ಮನೆಗೆ ಹೋಗೋದು ಹೆಂಗೆ?’ ಅಂತ ನನ್ನನ್ನೇ ಕೇಳಿದ್ಲು. ತಲೆ ಕೆಟ್ಟಿದೆ ಅಂದ್ಕೊಂಡೆ.”

ಮಾಲೀಕ ಕೊಡೆ ಹಿಡಿದು ಮೆಲ್ಲಗೆ ಹೊರಟುಹೋದ.

ತಾಯಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ವರ್ಷದಲ್ಲಿ ಹತ್ತೇ ದಿನ. ಉಳಿದ ದಿನಗಳೆಲ್ಲ ತನ್ನವೇ ಆಗಿದ್ದವು. ಅಷ್ಟು ಉಳ್ಳವಳಾಗಿ ಆ ಹತ್ತರ ಮೇಲೆ ಕಣ್ಣು ಹಾಕಿದ್ದಳು.

“ಹಾಗಾದ್ರೆ ಹೋದ ವರ್ಷ ಯಾಕಮ್ಮ ಶಾಲೆಗೆ ಹೋದ್ಲು?” ಮಗಳು ಕೇಳಿದಳು.

ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಸತ್ತವಳು ಬಾಯಿ ಬಿಟ್ಟಿರಲಿಲ್ಲ. ಆ ಮೌನವನ್ನೂ ಅವಳ ಸಾಲವಾಗಿ ಉಳಿಸಿಕೊಳ್ಳಲು ಈಕೆಗೆ ಮನಸ್ಸಾಗಲಿಲ್ಲ.

“ನಾನೇ ಜಾಗ ಇಲ್ಲ ಅಂದೆ,” ಎಂದಳು.

ಮಗಳು ಜಗಳವಾಡಲಿಲ್ಲ. ಎದ್ದು, ಮೂಲೆಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ತಂದು ತಾಯಿಯ ಮುಂದಿಟ್ಟಳು.

“ಇದನ್ನ ಮೇಲೆ ತಗೊಂಡು ಹೋಗಿಟ್ಟಿರು. ನೀರು ಬಂದಾಗ ನಾನೂ ಬರ್ತೀನಿ, ಜಾಗ ಇದ್ರೆ.”

ಪೆಟ್ಟಿಗೆ ಕಂಡಿದ್ದಕ್ಕಿಂತ ಭಾರವಿತ್ತು. ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ತಾಯಿ ಮೂರು ಕಡೆ ನಿಂತಳು. ಕೆಳಗೆ ಬಾಗಿಲಿನ ಬುಡಕ್ಕೆ ಒಂದು ಏಟು ಬಿದ್ದ ಸದ್ದು, ಆಮೇಲೆ ಅಗುಳಿ ಬಿದ್ದ ಸದ್ದು ಕೇಳಿಸಿತು.

ಅವಳು ಟ್ರಂಕನ್ನು ಎಳೆದು ಸರಿಸಿದಳು. ಬಟ್ಟೆ ತಂದು ಕಲೆಯ ಮೇಲಿನ ಧೂಳು ಒರೆಸಿ ಪೆಟ್ಟಿಗೆಯನ್ನು ಅದರ ಮೇಲಿಟ್ಟಳು. ಅಂಚಿಗೆ ಅಂಚು ಕೂಡಿ, ಕಲೆ ಒಂದಿಷ್ಟೂ ಕಾಣದಂತೆ ಕೂತಿತು. ಕಿಟಕಿಯಾಚೆ ಹೊಳೆ ಕಟ್ಟೆಯ ಕಲ್ಲುಗಳಿಗಿಂತ ಎಷ್ಟೋ ಕೆಳಗೆ, ಮರಳಿನ ನಡುವೆ ಸಣ್ಣಗೆ ಹರಿಯುತ್ತಿತ್ತು. ಅವಳು ಸರಳು ಹಿಡಿದು, ನೀರು ಮೊದಲ ಕಲ್ಲು ಮುಟ್ಟಲು ಇನ್ನೆಷ್ಟು ಏರಬೇಕು ಎಂದು ನೋಡುತ್ತ ನಿಂತಳು.