ಮೂರನೇ ಬಾವಿಯ ಸಿಹಿನೀರು

ನಮ್ಮ ಭಾವ ಊರಿಗೆ ನೀರು ಬಿಡುವವರು. ಮೂರು ಕೊಳವೆಬಾವಿಗಳ ನೀರನ್ನು ಪುರಸಭೆಯ ಟ್ಯಾಂಕಿಗೆ ಹತ್ತಿಸಿ, ಬೀದಿ ಬೀದಿಗೂ ವಾಲ್ವ್ ತಿರುಗಿಸುವುದು ಅವರ ಕೆಲಸ. ಮೊದಲೆರಡು ಬಾವಿಗಳ ನೀರು ಗಡಸು, ಎಷ್ಟು ಉಜ್ಜಿದರೂ ಸೋಪು ನೊರೆ ಬರುವುದಿಲ್ಲ. ಮೂರನೆಯದು ಮಾತ್ರ ಸಿಹಿನೀರು. ಬರೀ ಮಾತಿಗೆ ಸಿಹಿಯಲ್ಲ, ಗುಟುಕು ಇಳಿದ ಮೇಲೂ ನಾಲಿಗೆಯ ಮೇಲೆ ಸಿಹಿ ನಿಲ್ಲುತ್ತಿತ್ತು. ಹೊರಗಿನಿಂದ ಬಂದ ನೆಂಟರಿಗೆ ಅದನ್ನು ಕೊಟ್ಟು, ಹೊಗಳುತ್ತಾರೋ ಇಲ್ಲವೋ ಎಂದು ಮುಖ ನೋಡುತ್ತಾ ಕೂರುವಷ್ಟು ಜಂಬ ನಮಗೆ.

ಊರಿಗೆ ಮೂರೂ ಬಾವಿಗಳ ನೀರು ಬೆರೆಸಿ ಬಿಟ್ಟರೂ, ಹೆಂಡತಿಗೆಂದು ಭಾವ ಮೂರನೆಯದರಿಂದಲೇ ಕ್ಯಾನು ತುಂಬಿ ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದರು. ಮದುವೆಯಾದಾಗಿನಿಂದ ಅದೊಂದು ವ್ರತವೇ ಆಗಿಹೋಗಿತ್ತು. "ಬೇರೆ ಗಂಡಂದಿರು ಒಡವೆ ತರ್ತಾರೆ, ನನ್ನವರು ನೀರು ತರ್ತಾರೆ" ಎಂದು ಅಕ್ಕ ರೇಗಿಸುತ್ತಿದ್ದಳು. ರೇಗಿಸುವಾಗ ಅವಳ ಮುಖ ಅರಳಿರುತ್ತಿತ್ತು.

ಅಕ್ಕನ ಎರಡೂ ಕಿಡ್ನಿ ಕೆಟ್ಟವು. ಪಂಪ್‌ಹೌಸಿನ ಸುತ್ತಮುತ್ತಲ ಬೀದಿಗಳಲ್ಲಿ, ಮೂರನೇ ಬಾವಿಯಿಂದಲೇ ಕೊಡ ತುಂಬಿಕೊಳ್ಳುತ್ತಿದ್ದವರಲ್ಲಿ, ಇನ್ನೂ ಕೆಲವರು ಹಾಸಿಗೆ ಹಿಡಿದರು. ಆಸ್ಪತ್ರೆಯವರಿಗೆ ಅನುಮಾನ ಬಂದು, ನೀರು ಪರೀಕ್ಷೆ ಮಾಡುವ ಅಧಿಕಾರಿ ಬಂದರು. ಆ ಹೊತ್ತಿಗೆ ಅಕ್ಕನ ಔಷಧಿಯ ವಿಷಯ ಮಾತಾಡಲು ಹೋಗಿದ್ದ ನಾನು ಪಂಪ್‌ಹೌಸಿನಲ್ಲೇ ಇದ್ದೆ. ಭಾವ ಮೊದಲು ಮೂರನೇ ಬಾವಿಯ ನೀರನ್ನೇ ಲೋಟಕ್ಕೆ ಹಿಡಿದುಕೊಟ್ಟರು.

"ಕುಡಿದು ನೋಡಿ ಮೇಡಂ, ಸಿಹಿನೀರು."

ಆಕೆ ಮೂಸಿ ನೋಡಿ ಲೋಟ ಕೆಳಗಿಟ್ಟರು. "ನಿಜವಾಗ್ಲೂ ಸಿಹಿ ಇರುತ್ತಾ?"

"ಸಕ್ಕರೆ ಹಾಕಿದ ಹಾಗೆ."

"ಸಿಹಿನೀರು ಅಂದ್ರೆ ಉಪ್ಪಿಲ್ಲದ ನೀರು ಕಣ್ರೀ. ನಾಲಿಗೆಗೆ ಸಿಹಿ ಹತ್ತೋ ನೀರಲ್ಲ. ಕುಡಿಯೋ ನೀರು ಸಪ್ಪೆ ಇರ್ಬೇಕು."

ಗೋಡೆಯಾಚೆ ಒಂದು ಕಾರ್ಖಾನೆ ಇತ್ತು. ಯಂತ್ರದ ಬಿಡಿಭಾಗಗಳ ಜಿಡ್ಡು ತೆಗೆಯಲು ಅವರು ಯಾವುದೋ ದ್ರಾವಣ ಬಳಸಿ, ಮಿಕ್ಕಿದ್ದನ್ನು ಹಿತ್ತಲಿನ ಗುಂಡಿಗೆ ಸುರಿಯುತ್ತಿದ್ದರು. ಅದು ಸದ್ದಿಲ್ಲದೆ ನೆಲದೊಳಗೆ ಇಳಿದು ನಮ್ಮ ಬಾವಿ ಸೇರಿತ್ತು. ನಾವು ಜಂಬಪಟ್ಟ ಸಿಹಿ ಅದರದ್ದು. ಸುದ್ದಿ ಹೊರಬಿದ್ದ ಕೂಡಲೇ ಕಾರ್ಖಾನೆಯವರು ಗೇಟಿಗೆ ಬೀಗ ಜಡಿದು ಕೈ ತೊಳೆದುಕೊಂಡರು. ಯಾವ ನೀರಿನಲ್ಲಿ ತೊಳೆದುಕೊಂಡರೋ ಕಾಣೆ, ನಮ್ಮದರಲ್ಲಂತೂ ಅಲ್ಲ.

ಕಿಡ್ನಿ ಕೆಟ್ಟವರಿಗೆ ನೀರು ಅಳತೆಯ ಪ್ರಕಾರ. ಇಡೀ ದಿನಕ್ಕೆ ಅಕ್ಕನಿಗೆ ಎರಡೇ ಲೋಟ, ಮಾತ್ರೆ ನುಂಗುವುದೂ ಅದರಲ್ಲೇ. ಆ ಎರಡು ಲೋಟದಲ್ಲಿ ಒಂದು ಗುಟುಕನ್ನೂ ಅವಳು ಭಾವನ ಕೈಯಿಂದ ಕುಡಿಯಲಿಲ್ಲ. ಅವರು ಅಂಗಡಿಯಿಂದ ಸೀಲು ಒಡೆಯದ ಬಾಟಲಿ ತಂದಿಟ್ಟರೂ ಅದು ಹಾಗೇ ಕೂತಿರುತ್ತಿತ್ತು. ನಾನು ತಂದರೆ ಕುಡಿಯುತ್ತಿದ್ದಳು. ಬೈಯಲಿಲ್ಲ, ಜಗಳ ತೆಗೆಯಲಿಲ್ಲ, ಗಂಡನ ಊಟ ತಿಂಡಿಗೆ ಏನೂ ಕಮ್ಮಿ ಮಾಡಲಿಲ್ಲ. ನೀರೊಂದನ್ನು ಮಾತ್ರ ಒಲ್ಲೆ ಎಂದಳು, ಅದನ್ನೂ ಬಾಯಿ ಬಿಟ್ಟು ಹೇಳಲಿಲ್ಲ. ಬಾಯ್ತುಂಬಾ ಬೈದಿದ್ದರೆ ಭಾವ ಬದುಕಿಕೊಳ್ಳುತ್ತಿದ್ದರು.

ಆಮೇಲೆ ಎಂಜಿನಿಯರುಗಳು ಬಂದರು. ಬಾವಿಯ ನೀರನ್ನು ಎತ್ತರದ ಗೋಪುರದ ತುದಿಯಿಂದ ಸುರಿಸುವುದು, ಕೆಳಗಿನಿಂದ ಗಾಳಿ ಊದಿ ಆ ವಿಷವನ್ನು ಹಾರಿಸುವುದು, ಉಳಿದದ್ದನ್ನು ಹೀರಲು ಇದ್ದಿಲು ತುಂಬಿದ ತೊಟ್ಟಿಗಳಲ್ಲಿ ಹಾಯಿಸುವುದು. ನಾವು ಎಲ್ಲವನ್ನೂ ನೀರಿನಿಂದ ತೊಳೆಯುತ್ತೇವೆ, ಇವರು ನೀರನ್ನೇ ತೊಳೆಯಲು ಹೊರಟಿದ್ದರು. ಎಷ್ಟು ಕಾಲ ತೊಳೆಯಬೇಕು ಎಂದು ಕೇಳಿದರೆ, "ನೆಲದಲ್ಲಿ ಇರೋ ತನಕ" ಎಂದರು. ಭಾವ ರಜೆಯ ದಿನವೂ ಅಲ್ಲೇ ಬಿದ್ದಿರುತ್ತಿದ್ದರು. ಪೈಪು ಹೊತ್ತರು, ಇದ್ದಿಲಿನ ಧೂಳು ಕುಡಿದು ಕೆಮ್ಮಿದರು. ಒಂದು ದಿನ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿ ಕೇಳಿದರು.

"ಬಾವಿ ಸರಿಹೋದ್ರೆ ನಿಮ್ಮಕ್ಕ ನನ್ನ ಕೈಯಿಂದ ಕುಡೀತಾಳೆ, ಅಲ್ವೇನಮ್ಮ?"

"ನನ್ನನ್ನ ಕೇಳ್ತೀರಲ್ಲ ಭಾವ. ಹೆಂಡ್ತಿ ನಿಮ್ಮವಳು" ಎಂದೆ. ನನಗೂ ಅವರ ಮೇಲೆ ಸಿಟ್ಟಿತ್ತು. ಅವರದೇನೂ ತಪ್ಪಿಲ್ಲ ಎಂದು ಗೊತ್ತಿದ್ದರೂ ಇತ್ತು. ಕಾರ್ಖಾನೆಯವರು ಕೈಗೆ ಸಿಗುತ್ತಿರಲಿಲ್ಲ, ಭಾವ ಸಿಗುತ್ತಿದ್ದರು.

ಗೋಪುರದ ಉದ್ಘಾಟನೆಯ ದಿನ ಪುರಸಭೆ ಅಧ್ಯಕ್ಷರು ಮೈಕಿನ ಮುಂದೆ ನಿಂತು ಬಾಯಿ ಒಣಗುವಷ್ಟು ಮಾತಾಡಿದರು. ಬಾವಿಯ ಸುದ್ದಿಯ ಜೊತೆ ಪೇಪರಿನಲ್ಲಿ ಅಕ್ಕನ ಫೋಟೋ ಬಂದಿತ್ತು, ಅದಕ್ಕೇ ಮೊದಲ ಲೋಟ ಅವಳೇ ಕುಡಿಯಲಿ ಎಂದು ವೇದಿಕೆಗೆ ಕರೆಸಿದರು. ಅಕ್ಕ ನನ್ನ ತೋಳು ಹಿಡಿದು ಹತ್ತಿದಳು, ಲೋಟ ಮಾತ್ರ ಮುಟ್ಟಲಿಲ್ಲ.

"ನನಗೆ ಅಳತೆ ಇದೆ. ನಿಮಗಿಲ್ಲವಲ್ಲ, ನೀವೇ ಕುಡೀರಿ."

ಅಧ್ಯಕ್ಷರು ತುಟಿ ಒದ್ದೆ ಮಾಡಿಕೊಂಡು ಲೋಟ ಎತ್ತಿ ತೋರಿಸಿದರು. ಜನ ಚಪ್ಪಾಳೆ ತಟ್ಟಿ, ನಲ್ಲಿಗೆ ಮುಗಿಬಿದ್ದು, ಕುಡಿದು ಮೂಗು ಮುರಿದರು. ಸಪ್ಪೆ ಎಂದರು. ಮೊದಲಿನ ರುಚಿಯೇ ಹೋಯಿತು ಎಂದರು. ನಮ್ಮ ಪಕ್ಕದ ಬೀದಿಯ ಹೆಂಗಸು, ಅದೇ ನೀರಿಗೆ ಗಂಡನನ್ನು ಕಳೆದುಕೊಂಡವಳು, ಭಾವನ ಹತ್ತಿರ ಬಂದು ಮೆಲ್ಲಗೆ ವಿಚಾರಿಸಿದಳು.

"ಸ್ವಲ್ಪ ಹಳೇ ರುಚಿ ಬರೋ ಹಾಗೆ ಮಾಡೋಕಾಗಲ್ವಾ?"

ಭಾವ ನಲ್ಲಿಯಿಂದ ಹೂಜಿ ತುಂಬಿಕೊಂಡು ಮನೆಗೆ ಹೊರಟರು.

ಹಿಂದೆಯೇ ನಾನು ಅಕ್ಕನನ್ನು ಕರೆತಂದೆ, ಅವಳು ಮಂಚಕ್ಕೆ ಒರಗಿ ಕೂತಳು. ಭಾವ ಲೋಟಕ್ಕೆ ಬಗ್ಗಿಸಿ ಅವಳ ಮುಂದೆ ಹಿಡಿದರು. ಅವಳು ಎಂದಿನಂತೆ ಗೋಡೆಯತ್ತ ತಿರುಗುತ್ತಾಳೆ ಎಂದುಕೊಂಡು ನಾನು ಬಾಟಲಿ ತರಲು ಎದ್ದೆ.

"ಕೂತ್ಕೋ" ಎಂದಳು ಅಕ್ಕ. "ಬೆಳಿಗ್ಗೆಯಿಂದ ಕುಡಿದಿಲ್ಲ. ಇವರು ತರ್ತಾರೆ ಅಂತ ಎರಡೂ ಲೋಟ ಉಳಿಸ್ಕೊಂಡಿದ್ದೆ."

ಆಗ ಅವಳ ತುಟಿ ನೋಡಿದೆ, ಒಡೆದುಹೋಗಿತ್ತು. ಮಾತ್ರೆಗಳನ್ನೂ ನೀರಿಲ್ಲದೆ ನುಂಗಿದ್ದಳು. ಒಂದು ಲೋಟ ಕುಡಿದಳು, ಇನ್ನೊಂದು ಬಗ್ಗಿಸಿಕೊಂಡು ಅದನ್ನೂ ಒಂದೇ ಉಸಿರಿಗೆ ಕುಡಿದಳು.

"ಹೇಗಿದೆ?" ಭಾವ ಕೇಳಿದರು.

"ಸಪ್ಪೆ ಇದೆ. ಚೆನ್ನಾಗಿದೆ."

ಭಾವ ಅತ್ತರು, ಅಳುತ್ತಲೇ ನಕ್ಕರು. ಎಷ್ಟೋ ದಿನದ ಮೇಲೆ ಹೆಂಡತಿ ತನ್ನ ಕೈಯಿಂದ ನೀರು ಕುಡಿದಿದ್ದಾಳೆ, ಬೇರೇನೂ ಅವರಿಗೆ ನೆನಪಿರಲಿಲ್ಲ. ಖಾಲಿ ಲೋಟಕ್ಕೆ ಮತ್ತೆ ಹೂಜಿ ಬಗ್ಗಿಸಿದರು.

ಅಕ್ಕ ಲೋಟದ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಅವಳ ಕಣ್ಣು ಹೂಜಿಯ ಮೇಲೆಯೇ ಇತ್ತು.

"ಅಳತೆ ಮುಗೀತು ರೀ. ಬಾಯಾರಿಕೆ ಮುಗಿದಿಲ್ಲ. ಅದನ್ನ ನನ್ನ ಕಣ್ಣೆದುರಿಂದ ತಗೊಂಡ್ಹೋಗಿ."

ಭಾವ ಹೂಜಿ ಎತ್ತಿಕೊಂಡು ಹೊರಗೆ ಹೋದರು.