ಸರ್ವಶ್ರೇಷ್ಠ ಆಟಗಾರ್ತಿ

"ನೂರು ಸೆಂಚುರಿ! ನೂರು!" ಎಂದು ಪೃಥ್ವಿರಾಜ್ ಮೇಜು ಗುದ್ದಿದ ರಭಸಕ್ಕೆ ಮೈಕು ಕುಂಯ್‌ಗುಟ್ಟಿತು. "ಇಡೀ ದೇಶ ಕೆಲಸ ಬಿಟ್ಟು ಒಬ್ಬ ಮನುಷ್ಯನ ಹೆಸರು ಕೂಗಿದ್ದು ಬೇರೆ ಯಾವ ಆಟದಲ್ಲಿ ಉಂಟು? ಹೇಳಿ ನೋಡುವ!"

ಡೊಂಬಿವಲಿಯ ಆ ಸಣ್ಣ ಸಭಾಗೃಹದಲ್ಲಿ ಚಪ್ಪಾಳೆ ಬಿತ್ತು. ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಈ ಸಲ ಚರ್ಚಾಸ್ಪರ್ಧೆ ಇಟ್ಟಿದ್ದರು. ಭಾರತದ ಸಾರ್ವಕಾಲಿಕ ಶ್ರೇಷ್ಠ ಕ್ರೀಡಾಪಟು ಯಾರು ಎಂಬುದು ವಿಷಯ. ಪೃಥ್ವಿರಾಜನಿಗಿಂತ ಮೊದಲು ಮಾತಾಡಿದ್ದ ಧಾರವಾಡದ ಮೇಷ್ಟ್ರು ಕುಳಿತಲ್ಲಿಂದಲೇ ಕೈ ಬೀಸಿ, "ಮೂರು ಒಲಿಂಪಿಕ್, ಮೂರು ಚಿನ್ನ! ಧ್ಯಾನ್‌ಚಂದರ ಕಾಲದಾಗ ಟಿವಿ ಇದ್ದಿದ್ರ ನಿಮ್ಮ ಕ್ರಿಕೆಟ್ ಯಾರ್ ನೋಡ್ತಿದ್ರು?" ಎಂದು ಕೂಗಿದರು. ಸಭೆ ನಕ್ಕಿತು. ಸಂಘದ ಅಧ್ಯಕ್ಷ ಮುರಾರಿಯವರು ಗಂಟೆ ಬಾರಿಸಿ, "ಮುಂದಿನ ಸ್ಪರ್ಧಿ, ನಮ್ಮ ಕಾರ್ಯದರ್ಶಿ ಅನಿಲಕುಮಾರ" ಎಂದರು.

ಮೂರನೆಯ ಸಾಲಿನಲ್ಲಿ ಕುಳಿತಿದ್ದ ಪ್ರಫುಲ್ಲಾ ಸೆರಗು ಸರಿಮಾಡಿಕೊಂಡಳು. ಗಂಡ ವಾರವಿಡೀ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಭಾಷಣ ಅಭ್ಯಾಸ ಮಾಡಿದ್ದ. ಯಾರ ಬಗ್ಗೆ ಎಂದು ಕೇಳಿದರೆ, "ಅಲ್ಲಿಯೇ ಗೊತ್ತಾಗ್ತದೆ" ಎಂದು ನಗುತ್ತಿದ್ದ. ಪಕ್ಕದಲ್ಲಿ ಮಗಳು ನಿಕಿತಾ ಅಪ್ಪನ ಮಾತು ಹಿಡಿಯಲು ಮೊಬೈಲು ಎತ್ತಿದಳು.

ಅನಿಲಕುಮಾರ ಚೆನ್ನಾಗಿ ಮಾತಾಡುವವನೇ. ವಾಶಿಯ ಇನ್ಶೂರೆನ್ಸ್ ಆಫೀಸಿನಲ್ಲಿ ಇಪ್ಪತ್ತು ವರ್ಷ ಜನರನ್ನು ಒಪ್ಪಿಸಿ ಒಪ್ಪಿಸಿ ಅವನ ದನಿಗೆ ಒಂದು ಹದ ಬಂದಿತ್ತು. ಮೇರಿ ಕೋಮ್‌ರಿಂದ ಶುರುಮಾಡಿ, ಮಕ್ಕಳನ್ನು ಹೆತ್ತ ಮೇಲೂ ರಿಂಗಿಗೆ ಇಳಿದ ತಾಯಿಯ ಎದೆಗಾರಿಕೆ ಹೊಗಳಿದ. ಆಮೇಲೆ ದನಿ ಇಳಿಸಿದ.

"ಆದರೆ ಇವತ್ತು ನಾನು ಹೇಳುವ ಹೆಸರು ನೀವು ಯಾರೂ ಕೇಳಿರಲಿಕ್ಕಿಲ್ಲ. ಕಡಲ ಬದಿಯ ಹೆಜಮಾಡಿಯ ಶಾಲೆಯ ಹೊಯಿಗೆಯಲ್ಲಿ ಕಬಡ್ಡಿ ಕಲಿತ ಹುಡುಗಿ. ಮದುವೆಯಾಗಿ ಠಾಕುರ್ಲಿಗೆ ಬಂದವಳು. ಬಂದ ಮೇಲೂ ಕಲ್ಯಾಣಿನ ತಂಡದಲ್ಲಿ ಆಡಿದಳು, ಮಹಾರಾಷ್ಟ್ರಕ್ಕೆ ಆಡಿದಳು. ಒಂದು ದಿನ ಭಾರತ ತಂಡದ ಶಿಬಿರಕ್ಕೆ ಕರೆ ಬಂತು. ಒಂದು ಕಡೆ ದೇಶದ ಜರ್ಸಿ. ಇನ್ನೊಂದು ಕಡೆ ಲಕ್ವ ಹೊಡೆದು ಮಲಗಿದ ಮಾವ. ಅವಳು ಯಾವುದನ್ನು ಆರಿಸಿಕೊಂಡಳು?"

ನಿಕಿತಾ ತಾಯಿಯ ಕಡೆ ತಿರುಗಿ, "ಮಮ್ಮಾ, ಯೇ ತೋ ತೂ ಹೈ!" ಎಂದಳು, ಇದು ನೀನೇ ಅಲ್ಲವಾ ಎಂಬಂತೆ. ಪ್ರಫುಲ್ಲಾ ಮನಸ್ಸಿನಲ್ಲೇ ವರ್ಷ ಲೆಕ್ಕ ಹಾಕುತ್ತಿದ್ದಳು.

ಮಾವನಿಗೆ ಲಕ್ವ ಹೊಡೆದದ್ದು ಅದಾಗಿ ಎರಡು ವರ್ಷದ ನಂತರ. ಕರೆ ಬಂದ ವರ್ಷ ಅವರು ದಿನಾ ಬೆಳಗ್ಗೆ ತಾವೇ ನಡೆದುಹೋಗಿ ಬಂಗುಡೆ ತರುತ್ತಿದ್ದರು. ದರದ ವಿಷಯಕ್ಕೆ ಮೀನಿನವಳ ಹತ್ತಿರ ಜಗಳ ಮಾಡಿ ಬರುತ್ತಿದ್ದರು. ಅಂಥವರನ್ನು ಈ ಮನುಷ್ಯ ಮಾತಿನಲ್ಲೇ ಮಂಚಕ್ಕೆ ಬೀಳಿಸಿದ್ದ.

ಆ ಕರೆಯ ಸುದ್ದಿ ತಂದವಳು ಕೋಚ್ ಚಂದ್ರಬಾಯಿ. ಪೇಢೆಯ ಪೊಟ್ಟಣ ಹಿಡಿದು, ಲಿಫ್ಟಿಲ್ಲದ ಕಟ್ಟಡದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಿದ್ದಳು. ಪ್ರಫುಲ್ಲಾ ಅಡುಗೆಮನೆಯಲ್ಲಿದ್ದಳು. ಬಾಗಿಲಲ್ಲಿ ಅನಿಲಕುಮಾರ ಅಡ್ಡ ನಿಂತು, "ತಿಚೀ ಇಚ್ಛಾ ನಾಹೀ, ಬಾಯಿ" ಎಂದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಅವಳಿಗೆ ಇಷ್ಟ ಇಲ್ಲವಂತೆ! ಹಿಂದಿನ ರಾತ್ರಿಯೇ ಅವನು ಹೇಳಿದ್ದ, ಚಡ್ಡಿ ಹಾಕಿ ಊರವರ ಎದುರು ಹೊರಳಾಡಿದ್ದು ಸಾಕು, ನಮ್ಮ ಜನ ಆಡಿಕೊಳ್ತಾರೆ ಎಂದು. ಹೊರಡಲು ಕಾಲೆತ್ತಿದವಳ ಮಣಿಕಟ್ಟನ್ನು ಅತ್ತೆ ಹಿಡಿದುಕೊಂಡಳು. "ದುಡುಕಬೇಡ ಮಗಾ. ಅವನು ಮಾತಾಡ್ತಾ ಇದ್ದಾನಲ್ಲ." ಚಂದ್ರಬಾಯಿ ಹೊರಗಿನಿಂದ "ಪ್ರಫುಲ್ಲಾ!" ಎಂದು ಕರೆದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದಳು. ಏಳು ಜನ ಮೈಮೇಲೆ ಬಿದ್ದರೂ ನುಸುಳಿ ಗೆರೆ ಮುಟ್ಟುತ್ತಿದ್ದವಳು ಆ ಮುದುಕಿಯ ನಾಲ್ಕು ಬೆರಳಿನಿಂದ ಕೈ ಬಿಡಿಸಿಕೊಳ್ಳಲಿಲ್ಲ. ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು.

ಅವಳು ಬಿಟ್ಟುಹೋದ ಪೇಢೆಯನ್ನು ಸಂಜೆ ಚಹಾದ ಜೊತೆ ಎಲ್ಲರೂ ತಿಂದರು. ಅವಳಿಗೂ ಒಂದು ಕೊಟ್ಟರು. ಅವಳೂ ತಿಂದಳು.

"...ಆ ತ್ಯಾಗಮಯಿ ಬೇರೆ ಯಾರೂ ಅಲ್ಲ!" ವೇದಿಕೆಯ ಮೇಲೆ ಅನಿಲಕುಮಾರನ ಕಣ್ಣು ತುಂಬಿತ್ತು, ಅದು ನಾಟಕವಾಗಿರಲಿಲ್ಲ. "ಪದಕ ಗೆದ್ದವರು ಸಾವಿರ ಜನ ಸಿಕ್ಕಿಯಾರು. ಮನೆಗೋಸ್ಕರ ಪದಕವನ್ನೇ ಬಿಟ್ಟುಕೊಟ್ಟವಳು ನನ್ನ ಹೆಂಡತಿ ಪ್ರಫುಲ್ಲಾ. ಅವಳೇ ಈ ದೇಶದ ಸರ್ವಶ್ರೇಷ್ಠ ಆಟಗಾರ್ತಿ!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು ಪ್ರಫುಲ್ಲಾಳ ಭುಜ ಒತ್ತಿದಳು. ಮುರಾರಿಯವರು, "ಬರಬೇಕು, ಪ್ರಫುಲ್ಲಕ್ಕ ವೇದಿಕೆಗೆ ಬರಬೇಕು, ಎರಡು ಮಾತು ಆಡಬೇಕು" ಎಂದು ಒತ್ತಾಯ ಮಾಡಿದರು. ಯಾರೋ ಅವಳನ್ನು ಎಬ್ಬಿಸಿದರು. ನೋವಿನ ಮಂಡಿ ಹಿಡಿದುಕೊಂಡು ಅವಳು ಮೆಟ್ಟಿಲು ಹತ್ತಿದಳು. ಅನಿಲಕುಮಾರ ಕೈ ನೀಡಿದ. ಅದನ್ನು ಹಿಡಿಯದೆ ಮೈಕಿನ ಮುಂದೆ ಹೋಗಿ ನಿಂತಳು.

ಎದುರಿಗೆ ಗುರುತಿನ ಮುಖಗಳು. ಗಣೇಶೋತ್ಸವಕ್ಕೆ ಮನೆಗೆ ಬರುವವರು, ಮಗಳಿಗೆ ಸಂಬಂಧ ಹೇಳುವವರು. ರೈಡಿಗೆ ಹೋಗುವ ಮೊದಲು ಎಳೆದುಕೊಳ್ಳುತ್ತಿದ್ದಂಥ ಉಸಿರನ್ನು ಎಳೆದುಕೊಂಡಳು.

"ನಮಸ್ಕಾರ. ಇವರು ಹೇಳಿದ್ದರಲ್ಲಿ ಒಂದು ಮಾತು ಸರಿ ಇಲ್ಲ. ನಾನು ಬಿಟ್ಟುಕೊಟ್ಟದ್ದಲ್ಲ. ನನ್ನನ್ನು ಬಿಡಿಸಿದ್ದು. ಬಿಡಿಸಿದ್ದು ಇವರೇ."

ಮೇಷ್ಟ್ರು ಕನ್ನಡಕ ತೆಗೆದರು. ಅನಿಲಕುಮಾರನ ಮುಖದ ಮೇಲಿನ ನಗು ಹಾಗೆಯೇ ಉಳಿದಿತ್ತು, ಒಣಗಲು ಹಾಕಿದ ಬಟ್ಟೆಯ ಹಾಗೆ. ಅವಳು ಮುಂದಿನ ಮಾತಿಗೆ ಬಾಯಿ ತೆರೆದಳು.

ಅಷ್ಟರಲ್ಲಿ ಮುರಾರಿಯವರು ಓಡಿಬಂದು ಮೈಕು ತಮ್ಮ ಕಡೆ ಎಳೆದುಕೊಂಡರು. "ನೋಡಿದ್ರಾ? ನೋಡಿದ್ರಾ? ಇಷ್ಟು ವರ್ಷ ಆದರೂ ಅಕ್ಕ ರೈಡು ಮರೆತಿಲ್ಲ! ಒಂದೇ ಏಟಿಗೆ ಯಜಮಾನರೇ ಔಟ್!"

ಸಭೆಗೆ ಬೇಕಾಗಿದ್ದದ್ದು ಅದೇ. ನಗು ಒಮ್ಮೆಲೇ ಕಟ್ಟೆ ಒಡೆದು ಬಂತು. ಯಾರೋ ಸೀಟಿ ಹೊಡೆದರು. ಅನಿಲಕುಮಾರ ಎರಡೂ ಕೈ ಮೇಲೆತ್ತಿ, ಸೋತೆ ಎಂಬಂತೆ ತಲೆಬಾಗಿದ. ನಗು ಇನ್ನಷ್ಟು ಏರಿತು. "ಅಲ್ಲ, ನಾನು ತಮಾಷೆಗೆ ಹೇಳಿದ್ದಲ್ಲ" ಎಂದಳು ಪ್ರಫುಲ್ಲಾ. ಮೈಕು ಅವಳ ಬಾಯಿಯಿಂದ ದೂರವಿತ್ತು. ಹೆಗಲ ಮೇಲೆ ಶಾಲು ಬಿತ್ತು. ಕೈಗೆ ಹೂಗುಚ್ಛ ಬಂತು. ಫೋಟೋದವನು, "ಸರ್, ಥೋಡಾ ಪಾಸ್ ಆಯಿಯೇ" ಎಂದ. ಗಂಡ ಹತ್ತಿರ ಬಂದ.

ಪ್ರಥಮ ಬಹುಮಾನ ಅವನಿಗೇ ಬಂತು. ಹೃದಯ ಮುಟ್ಟುವ ವಿಷಯ ಮಂಡನೆ, ಕೊನೆಯಲ್ಲಿ ದಂಪತಿಗಳ ಹಾಸ್ಯಪ್ರಜ್ಞೆ ಎಂದು ತೀರ್ಪುಗಾರರು ಮೆಚ್ಚಿದರು. ಮೊಳದುದ್ದದ ಕಪ್ ಒಂದನ್ನು ಕೊಟ್ಟರು.

ಸಂಜೆ ಮೂವರೂ ಸ್ಟೇಷನ್ನಿನ ಕಡೆ ಹೊರಟರು. ಭಾನುವಾರದ ಜನ, ತರಕಾರಿ ಗಾಡಿಗಳು, ರಿಕ್ಷಾಗಳ ನಡುವೆ ಅನಿಲಕುಮಾರ ಕಪ್ಪನ್ನು ಎದೆಗವಚಿಕೊಂಡು ಮುಂದೆ ನಡೆದ. ಮೇಲ್ಸೇತುವೆಯ ಮೆಟ್ಟಿಲ ಹತ್ತಿರ ನಿಕಿತಾ ತಾಯಿಯ ತೋಳು ಹಿಡಿದಳು.

"ಮಮ್ಮಾ, ತೂನೇ ಜೋಕ್ ನಹೀ ಕಿಯಾ ನಾ?"

"ಇಲ್ಲ."

ನಿಕಿತಾ ಅಪ್ಪನ ಬೆನ್ನು ನೋಡಿದಳು. ಅಪ್ಪ ನಿಂತು ತಿರುಗಿದ. ಅವನಿಗೂ ಕೇಳಿಸಿತ್ತು.

"ನಾಲ್ಕು ಜನರ ಎದುರು ನನ್ನ ಮರ್ಯಾದೆ ತೆಗೆದೆಯಲ್ಲ ಮಾರಾಯ್ತಿ. ಮುರಾರಿಯಣ್ಣ ಇದ್ದದ್ದಕ್ಕೆ ಆಯ್ತು" ಎಂದ. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ನಿನ್ನನ್ನು ಹೊಗಳಲಿಕ್ಕೆ ಅಂತಲೇ ನಾನು ಬರೆದದ್ದು. ನಿನಗೆ ಖುಷಿ ಆಗ್ತದೆ ಅಂತ."

"ಮಾವನಿಗೆ ಆಗ ಲಕ್ವ ಎಲ್ಲಿ ಇತ್ತು?"

"ಇರಲಿಲ್ಲವಾ?" ಅವನು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ. ಹಣೆ ಗಂಟಿಕ್ಕಿತು, ಸಡಿಲವಾಯಿತು. "ಆ ಹೊತ್ತಿಗೇ ಇರಬೇಕು. ಅದು ಬಿಡು. ನೀನು ಒಳಗೇ ಇದ್ದೆಯಲ್ಲ? ಹೊರಗೆ ಬಂದು, ನಾನು ಹೋಗ್ತೇನೆ ಅಂತ ಒಂದು ಮಾತು ಹೇಳಿದ್ದರೆ ನಾನು ಬೇಡ ಅಂತಿದ್ದೆನಾ? ನೀನು ಬಾಯಿಯೇ ಬಿಡಲಿಲ್ಲ. ನಿನಗೂ ಬೇಡ ಅಂತ ನಾನು ತಿಳ್ಕೊಂಡೆ."

ಪ್ರಫುಲ್ಲಾ ಕಂಬಿ ಹಿಡಿದು ನಿಂತಳು. ಕೆಳಗಿನಿಂದ ಜನ "ಚಲೋ ಚಲೋ, ಸೈಡ್ ದೋ" ಎನ್ನುತ್ತ ಹತ್ತುತ್ತಿದ್ದರು. ಮುದುಕಿಯ ಬೆರಳು, ಸಾಸಿವೆ ಸಿಡಿಯುವ ವಾಸನೆ, ಎರಡು ಸಲ ಕರೆದ ಆ ಹೆಸರು, ಎಲ್ಲ ಮತ್ತೆ ನೆನಪಾದವು. ಆಮೇಲೊಮ್ಮೆ ಕಲ್ಯಾಣ್ ಸ್ಟೇಷನ್ನಿನಲ್ಲಿ ಎದುರಾದ ಚಂದ್ರಬಾಯಿ ಇವಳನ್ನು ಕಂಡು ಮುಖ ತಿರುಗಿಸಿ ಹೋಗಿದ್ದಳು. ಇಷ್ಟ ಇಲ್ಲದವಳ ಹತ್ತಿರ ಅವಳಿಗೇನು ಮಾತು.

"ಗಾಡಿ ಬಂತು" ಎಂದಳು ನಿಕಿತಾ.

ತಾಯಿ ಮಗಳು ಹೆಂಗಸರ ಡಬ್ಬಿಗೆ ಹತ್ತಿದರು. ಅನಿಲಕುಮಾರ ಪಕ್ಕದ ಗಂಡಸರ ಡಬ್ಬಿಗೆ ನುಗ್ಗಿದ. ಠಾಕುರ್ಲಿ ಒಂದೇ ಸ್ಟೇಷನ್ ದೂರ. ಕೂರಲು ಜಾಗ ಹುಡುಕುವ ಪ್ರಶ್ನೆ ಇರಲಿಲ್ಲ. ಎರಡು ಡಬ್ಬಿಗಳ ನಡುವಿನ ಕಬ್ಬಿಣದ ಜಾಲರಿಗೆ ಒರಗಿ ಪ್ರಫುಲ್ಲಾ ನಿಂತಳು. ನಿಕಿತಾ ತಾಯಿಯ ಹೆಗಲ ಮೇಲಿದ್ದ ಶಾಲು ತೆಗೆದು ಮಡಚಿ ತನ್ನ ಬ್ಯಾಗಿನೊಳಗೆ ತುರುಕಿದಳು.

ಗಾಡಿ ಹೊರಟಿತು. ಜಾಲರಿಯ ಆಚೆ ಅನಿಲಕುಮಾರ ಕಪ್ಪಿಗೆ ಪೆಟ್ಟಾಗದಂತೆ ಅದನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಪಕ್ಕದಲ್ಲಿದ್ದವನೊಬ್ಬ ಅದನ್ನು ನೋಡಿ ಏನೋ ಕೇಳಿದ. ಅನಿಲಕುಮಾರ ಮೊದಲು ತಲೆ ಆಡಿಸಿದ, ಆಮೇಲೆ ಹೇಳತೊಡಗಿದ. ಗಾಲಿಗಳ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಕೇಳುವವರ ಮುಖ ಮೆಲ್ಲಗೆ ಗಂಭೀರವಾಯಿತು. ಅವನು ಹೇಳುತ್ತ ಹೇಳುತ್ತ ಬಿಡುವಿದ್ದ ಕೈಯಿಂದ ಜಾಲರಿಯ ಕಡೆ ತೋರಿಸಿದ. ಅಲ್ಲಿದ್ದ ನಾಲ್ಕೈದು ಗಂಡಸರು ಒಟ್ಟಿಗೆ ಈ ಕಡೆ ತಿರುಗಿ ಅವಳನ್ನು ನೋಡಿದರು. ಅವರಲ್ಲಿ ವಯಸ್ಸಾದವನೊಬ್ಬ ತುಂಬ ಗೌರವದಿಂದ ಅವಳಿಗೆ ಕೈಮುಗಿದ.